ಫ್ಯಾನು ಬಂದ್ ಮಾಡಿ

ಮೊದಲು ಫ್ಯಾನು ಬಂದ್ ಮಾಡಿದರು ಶಿರಹಟ್ಟಿ ಮೇಸ್ತ್ರಿ.
ಮೇ ತಿಂಗಳು, ಹುಬ್ಬಳ್ಳಿ, ತಲೆಯ ಮೇಲೆ ತಗಡು.
"ಉಸರ ಸಾವಕಾಶ ಬಿಡು," ಅಂದರು,
"ಬ್ಯಾಳಿಗಿಂತ ಹಗುರ ಅದಾವ, ಹಾರಿ ಹೊಕ್ಕಾವ."

ಸುಣ್ಣದ ಡಬ್ಬಿಯೊಳಗೆ ಅರಳೆ, ಅರಳೆಯೊಳಗೆ
ಏಳು ಬಂಗಾರದ ಹಣ.
ಒಂದೂ ನೆಟ್ಟಗಿಲ್ಲ.

ಒಂದರಲ್ಲಿ ಸಿಂಹದ ಬಾಲವಷ್ಟೇ ಬಿದ್ದಿದೆ,
ಸಿಂಹ ಅಚ್ಚಿನಲ್ಲೇ ಉಳಿದುಬಿಟ್ಟಿದೆ.
ಒಂದಕ್ಕೆ ಎರಡು ಏಟು: ಆನೆಯ ಮೈಗೆ
ಇನ್ನೊಂದು ಆನೆ ಒರಗಿ ನಿಂತಂತೆ.
ಒಂದರ ಅಕ್ಷರ ಹಿಂದುಮುಂದು;
ಕನ್ನಡಿ ಹಿಡಿದರೆ ಓದಬಹುದೆಂದು
ಒಳಗಿನಿಂದ ಕನ್ನಡಿ ತಂದರು.
ಓದಲಾಗಲಿಲ್ಲ. ಅದಕ್ಕೂ ನಕ್ಕರು.

ಇದೇ ಮನುಷ್ಯ
ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಲ್ಲಿ
ಮೂವತ್ತೊಂದು ವರ್ಷ ವರ್ನಿಯರ್ ಹಿಡಿದು
ಕೂದಲೆಳೆ ತಪ್ಪಿದ್ದನ್ನೂ ಗುಜರಿಗೆ ಹಾಕಿದವರು.
ಅಪ್ರೆಂಟಿಸ್ ನಾನು ಕಡೆದ ಮೊದಲ ಬುಶ್ಶಿಗೆ
ಕೆಂಪು ಗೀಟು ಎಳೆದು, ಎಲ್ಲರೆದುರು
ನನ್ನ ಕೈಯಿಂದಲೇ ಡಬ್ಬಕ್ಕೆ ಹಾಕಿಸಿದವರು.
ಅದು ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಕೇಳಿಯೇಬಿಟ್ಟೆ.
ಭೂತಗನ್ನಡಿಯಿಂದ ಕಣ್ಣು ತೆಗೆಯದೆ ಅಂದರು:
"ಇದರ ಮ್ಯಾಲೆ ರೈಲ ಓಡಂಗಿಲ್ಲಲ್ಲೋ."

ಬೆವರು ಒರೆಸಿಕೊಂಡು, ತಡೆದು:
"ಸರಿ ಬಿದ್ದದ್ದು ರಾಜಂದು.
ಇದು ಬಡದಾಂವಂದು.
ಸುತ್ತಿಗಿ ಎತ್ತಿದಾಗ ಯಾರರೆ ಕರದಿರಬೇಕು,
ಮಗಳು ಬುತ್ತಿ ತಂದಿರಬೇಕು,
ಇಲ್ಲಾ ಹಿಂದಿನ ರಾತ್ರಿ ನಿದ್ದಿ ಇರಲಿಕ್ಕಿಲ್ಲ.
ರಾಜ ಹೋದ, ರಾಜ್ಯ ಹೋತು,
ಇವನ ಕೈ ನಡಗಿದ್ದು ಉಳದೈತಿ ನೋಡು."

ಅಡುಗೆಮನೆಯಿಂದ ಮೆಹಬೂಬಿ ಚಾಚಿ:
"ಏಳು ವರ್ಷದ ಬೋನಸ್ಸು ಆ ಡಬ್ಬ್ಯಾಗ ಐತಿ!
ಸರಾಫಗಟ್ಟಿಯಾಗ ಕೇಳಿದ್ರ
ಕರಗಸಲಿಕ್ಕೆ ಕೊಡ್ರಿ ಅಂತಾರ."

ಬೋನಸ್ಸು ಅಂದರೆ ನೌಕರಿಯಲ್ಲಿದ್ದಾಗ.
ಮನಸ್ಸಿನಲ್ಲೇ ಎಣಿಸಿದೆ:
ನನ್ನ ಬುಶ್ಶಿನ ವರ್ಷವೂ ಅದರಲ್ಲಿತ್ತು.
ಹಗಲು ಕೆಂಪು ಗೀಟು, ರಾತ್ರಿ ಅರಳೆ.
ಯಾವುದು ಯಾವ ವರ್ಷದ್ದು ಅಂತ ಕೇಳಲಿಲ್ಲ.

ಹೊರಡುವಾಗ ಬಾಲದ ಹಣ
ನನ್ನ ಬೆವತ ಬೆರಳಿಗೆ ಅಂಟಿಕೊಂಡಿತ್ತು.
ಚಿಮ್ಮಟದಿಂದ ಬಿಡಿಸಿದರು,
ಮುಳ್ಳು ತೆಗೆಯುವ ಹಾಗೆ, "ನೋವಾತೇನು?" ಅನ್ನುತ್ತ.
ಆಮೇಲೇ ಫ್ಯಾನು.

ಬಸ್‌ಸ್ಟಾಪಿನಲ್ಲಿ ನಿಂತು ನೋಡಿದೆ:
ಬೆರಳ ತುದಿಯಲ್ಲಿ ಪುಟ್ಟದೊಂದು ಬಾಲ,
ಈ ಸಲ ತಿರುವುಮುರುವಾಗಿ.
ಗದಗದ ಬಸ್ಸು ಬರುವಷ್ಟರಲ್ಲಿ
ಚರ್ಮ ಸಮನಾಗಿತ್ತು.