ಎಳೆಯ ಸುತ್ತಳತೆ

ಶಿಡ್ಲಘಟ್ಟದಲ್ಲಿ ಬೆಳಗು ಮೊದಲು ಮೂಗಿಗೆ ಬರುತ್ತದೆ,
ಕಣ್ಣಿಗೆ ಆಮೇಲೆ.
ಬೆಂದ ಹುಳದ ವಾಸನೆ ಹಿಡಿದು ಮೂರು ಓಣಿ ದಾಟಿ
ಶಬ್ರೀನಳ ರೆಕಾರ್ಡ್ ಪುಸ್ತಕ ಕಂಕುಳಲ್ಲಿಟ್ಟು ಹೋದೆ.
ತಿಂಗಳಿಂದ ಲ್ಯಾಬಿಗೆ ಕಾಲಿಡದ ಹುಡುಗಿ,
ಆದರೂ ಅವಳ ಲೋಲಕ
ಉಳಿದ ಹದಿನಾರು ಪುಸ್ತಕಗಳ ಲೋಲಕದ ಹಾಗೇ ತೂಗಿದೆ,
ದಶಾಂಶದ ಮೂರನೇ ಮನೆಯವರೆಗೂ.
ಯಾರದು ನೋಡಿ ಬರೆದೆ, ಅಂತ
ಕೇಳಲು ಹೊರಟವಳು ನಾನು.

ಮುಂದಿನ ಕೋಣೆಯೇ ನೂಲು ಬಿಚ್ಚುವ ಕಾರ್ಖಾನೆ:
ಆರು ಬೇಸಿನ್ನು, ಒಂದು ಒಲೆ,
ಹಬೆಯೊಳಗೆ ಮುಖವಿಲ್ಲದ ಕೈಗಳು.
ಜೈತೂನ್ ಬೀ ಚೀಲ ಹಾಸಿ ಕೂರಿಸಿದರು.
ಬೆರಳನ್ನು ಈ ಬದಿ ಅದ್ದಿ, ಆ ಬದಿ ಅದ್ದಿ,
ಸರಿ ಎಂದು ತಮಗೆ ತಾವೇ ತಲೆಯಾಡಿಸಿದರು.
ಬಿಳಿಚಿ ಸುಕ್ಕಿದ ಬೆರಳು,
ಅದೂ ಒಂದು ಗೂಡು.
“ನಮ್ಮ ಹುಡುಗಿಗೆ ಏನು ಪಾಠ ಹೇಳ್ತೀರ, ಮೇಡಂ?”

ಹೇಳಿದೆ. ಒಲೆ ಉರಿಯುವ ಹೊತ್ತಲ್ಲಿ ಹೇಳಬಾರದಿತ್ತೇನೋ.
ಆಕಾಶದ ಈ ಅಂಚಿನಿಂದ ಹಳೆಯದೊಂದು ಕಾವು ಬರುತ್ತದೆ,
ಎದುರಂಚಿನಿಂದ ಇನ್ನೊಂದು.
ಸಾವಿರದ ಮುನ್ನೂರೆಂಬತ್ತು ಕೋಟಿ ವರ್ಷ ನಡೆದು
ಎರಡೂ ಈಗಷ್ಟೇ ನಮ್ಮ ಹೊಸ್ತಿಲಿಗೆ ಬಂದಿವೆ.
ಒಂದರ ಮುಖ ಒಂದು ನೋಡಿದ್ದಿಲ್ಲ;
ಸುದ್ದಿ ಒಯ್ಯುವಷ್ಟು ಹೊತ್ತು
ಯಾವ ಬೆಳಕಿಗೂ ಸಿಕ್ಕಿದ್ದಿಲ್ಲ.
ಅಳೆದರೆ ಮಾತ್ರ ಒಂದೇ ಬಿಸಿ.
ಬಿಸಿ ಅನ್ನುವುದೂ ಹೆಚ್ಚೇ,
ಚಳಿಯ ಕಟ್ಟಕಡೆಯ ಮೆಟ್ಟಿಲಿಂದ ಮೂರು ಡಿಗ್ರಿಯೂ ಮೇಲಿಲ್ಲ.

“ನೀರು ಎಲ್ಲಾ ಕಡೆ ಒಂದೇ ಥರ ಕಾದಿದೆ ಅಂದ್ರೆ
ಯಾರೋ ಕಲಕಿರ್ಬೇಕಲ್ಲ. ಯಾರು ಕಲಕಿದ್ದು?”

ದೊಡ್ಡವರು ಹಲಗೆ ಹಲಗೆ ತುಂಬಿಸಿ ಕೇಳಿದ್ದೂ
ಇಷ್ಟೇ.

ಮೊದಲು ಎಲ್ಲವೂ ಒಂದು ಚಿಟಿಕೆಯಲ್ಲಿತ್ತಂತೆ, ಅಂದೆ,
ಅಲ್ಲೇ ಕಲೆತು ಹದವಾಗಿ, ಆಮೇಲೆ ತಟ್ಟನೆ ಉಬ್ಬಿತಂತೆ,
ಮಾತು ಮುಗಿಯುವ ಮುಂಚೆ ಪಕ್ಕದವರು
ಪರವೂರಿನವರಾದರಂತೆ.
“ಹಾಲು ಉಕ್ಕಿದ ಹಾಗಾ? ಹಾಗಾದ್ರೆ ತಳ ಹಿಡೀಬೇಕಿತ್ತು.”

ಆಗ ಹಬೆಯೊಳಗಿಂದ ಶಬ್ರೀನ್
ಎಳೆಯೊಂದನ್ನು ಬೆಳಕಿಗೆ ಹಿಡಿದಳು.
ದೂರದಿಂದ ಇದು ಬರೀ ಗೆರೆ ಮೇಡಂ,
ಮುಂದೆ, ಹಿಂದೆ, ಮುಗೀತು ದಾರಿ.
ಮೇಲೆ ಹರಿದಾಡುವ ನುಸಿಯನ್ನು ಕೇಳಿ,
ಸುತ್ತಲೂ ಒಂದು ದಾರಿ ಇದೆ ಅನ್ನುತ್ತೆ,
ನಮ್ಮ ಕಣ್ಣಿಗೆ ದಪ್ಪ ಸಾಲದ ದಾರಿ.
ಇನ್ನು ಗೂಡು ನೋಡಿ.
ಬಿಚ್ಚಿ ಎಳೆದರೆ ಈ ತುದಿಗೂ ಆ ತುದಿಗೂ ಒಂದು ಕಿಲೋಮೀಟರು,
ಬಿಚ್ಚುವ ಮೊದಲು
ನಡುವೆ ಇದ್ದದ್ದು ಬರೀ ಸಿಪ್ಪೆಯ ದಪ್ಪ.
ಎಳೆಯ ಉದ್ದಕ್ಕೇ ನಡೆಯುವವರಿಗೆ
ಅದು ಹೇಗೆ ಗೊತ್ತಾಗಬೇಕು?

ಇದೂ ಊಹೆ, ಅಂದೆ, ಮೇಡಂ ಆಗಿ.
ಆ ದಿಕ್ಕಿಗೆ ಕಾಲಿಟ್ಟು ತಿರುಗಿ ಬಂದವರಿಲ್ಲ.
ಅಡ್ಡದಾರಿ ಗೊತ್ತಿದ್ದ ಒಂದೇ ಒಂದು ಜೀವ
ಬೇಸಿನ್ನಿನಲ್ಲಿ ಕಂದಾಗಿ ತೇಲುತ್ತಿತ್ತು;
ಸಂಜೆಗೆ ಕಿಲೋ ಲೆಕ್ಕದಲ್ಲಿ ತೂಗಿಸಿಕೊಳ್ಳುತ್ತದೆ.

ಕರೆಂಟು ಹೋಯಿತು. ರಾಟೆಗಳು ತೂಕಡಿಸಿ ನಿಂತವು.
ಹರಿದ ಎಳೆಗೆ ಜೈತೂನ್ ಬೀ ನಾಲಿಗೆ ತಾಗಿಸಿ
ಗಂಟು ಹಾಕಿದರು, ಕತ್ತಲಲ್ಲೇ.
ಈ ಗಂಟು ಕೊಳ್ಳುವವನಿಗೆ ಕಾಣೋದಿಲ್ಲವೇ?
“ಕಂಡ್ರೆ ಕಾಣಲಿ.
ಪೂರಾ ಒಂದೇ ಥರ ಇದ್ರೆ ಅದು ನೈಲಾನು.”

ಲಕ್ಷದಲ್ಲಿ ಒಂದು ಪಾಲು ಏರುಪೇರು
ಆ ಹಳೆಯ ಕಾವಿನಲ್ಲೂ ಇದೆ;
ಅದಕ್ಕೆ ಸಿಕ್ಕಿಕೊಂಡೇ ನಕ್ಷತ್ರ,
ತಲಕಾಯಲಬೆಟ್ಟದ ಬಂಡೆ,
ಬಾಗಿಲಲ್ಲಿ ಹಿಪ್ಪುನೇರಳೆ ಕಡ್ಡಿ ಜಗಿಯುವ ಈ ಆಡು.
ಇದನ್ನು ಹೇಳಬೇಕೆಂದಿದ್ದೆ.
ಅವರಾಗಲೇ ಬೇಸಿನ್ನಿಗೆ ಬಾಗಿದ್ದರು.

ಕೇಳಲು ಬಂದದ್ದು ಕೇಳಲಿಲ್ಲ.
ಪುಸ್ತಕ ಮಂಡಿಯ ಮೇಲಿಟ್ಟು ಕೆಂಪು ಶಾಯಿಯಲ್ಲಿ ರುಜು ಮಾಡಿದೆ,
ಲೋಲಕಗಳು ಹೇಗೆ ಒಂದಾದವೋ
ಅವೇ ಮಾತಾಡಿಕೊಳ್ಳಲಿ ಎಂದು.

ಬಸ್ಸಿನಲ್ಲಿ ನೋಡಿದರೆ ಪೆನ್ನಿಗೆ ಒಂದು ಎಳೆ ಸುತ್ತಿದೆ.
ಎಳೆದೆ. ಚಿಂತಾಮಣಿ ಬಂತು,
ಇನ್ನೂ ಬರುತ್ತಲೇ ಇತ್ತು.