ಆರನೆಯ ಅಂಕಿ

ಶೋಘಿಕಳ ಫೋನು ನನ್ನ ಹಿಟ್ಟಿನ ಕಪಾಟಿನಲ್ಲಿದೆ,
ಉಪ್ಪಿನ ಡಬ್ಬಿಯ ಪಕ್ಕ, ಒಂಟಿ ಕಾಲುಚೀಲದೊಳಗೆ.
ಗುಂಡಿ ಒತ್ತುವ ಫೋನು. ಐದರ ಗುಂಡಿ ಸವೆದಿದೆ.
ಅವಳು ಮಾರ್ಸೇಲಿಗೆ ಹೋಗಿ ಒಂಬತ್ತು ವರ್ಷ.
ನಂಬರು ಮಾತ್ರ ಗ್ಯುಮ್ರಿ ಬಿಟ್ಟು ಕದಲಿಲ್ಲ,
ಬೇರೆ ದೇಶದ ನಂಬರು ಬ್ಯಾಂಕಿಗೆ ಒಗ್ಗುವುದಿಲ್ಲವಂತೆ.

ಬೆಳಗಿನ ಐದೂವರೆಗೆ, ನೆಲದೊಳಗಿನ ತೋನಿರ್ ಒಲೆಗೆ ಬಗ್ಗಿ
ಮೊದಲ ಲವಾಶನ್ನು ಗೋಡೆಗೆ ಬಡಿಯುವ ಹೊತ್ತಿಗೆ
ಕಾಲುಚೀಲ ಗುಂಯ್ ಅನ್ನುತ್ತದೆ.
ಆರು ಅಂಕಿ. ಐದು ನಿಮಿಷದ ಆಯುಸ್ಸು.
ಹಿಟ್ಟಿನ ಕೈಯಲ್ಲೇ ನನ್ನ ಫೋನು ಹಿಡಿದು ಕೂಗುತ್ತೇನೆ:
ನಾಲ್ಕು, ಸೊನ್ನೆ, ನಾಲ್ಕು, ಏಳು,
ನಿಮ್ಮ ಬೀದಿಯ ಹಲ್ಲಿನ ಡಾಕ್ಟರು ಹೋಗಿಬಿಟ್ಟ ಕಣೇ,
ಎರಡು, ಒಂಬತ್ತು.
'ಬಂತು' ಅನ್ನುತ್ತಾಳೆ. 'ಯಾರು ಹೋದದ್ದು?'

ಅಲ್ಲಾಗ ರಾತ್ರಿ ಮೂರೂವರೆ.
ಹೋಟೆಲಿನ ನೆಲಮಾಳಿಗೆ, ಹೊದಿಕೆ ಒಗೆಯುವ ಯಂತ್ರಗಳ ಎದುರು
ಕಾಲು ಮಡಚಿ ಕೂತಿರುತ್ತಾಳೆ.
ಇಷ್ಟು ಹೊತ್ತಿನಲ್ಲಿ ಏನು ನೋಡ್ತೀಯೇ ಅಂದರೆ
'ಸುಮ್ಮನೆ. ಎಷ್ಟಿದೆ ಅಂತ.'
ಎಷ್ಟಿದೆ ಅಂತ ಇಬ್ಬರಿಗೂ ಗೊತ್ತು:
ಇಪ್ಪತ್ತೊಂದು ಸಾವಿರದ ಆರುನೂರು ದ್ರಾಮ್.
ಕಾಲುಚೀಲದ ಕಾರ್ಖಾನೆಯ ಸಂಬಳಕ್ಕೆಂದು ತೆರೆದ ಖಾತೆ,
ಅವಳ ಮಗ್ಗದ ಪಕ್ಕ ನನ್ನ ಮಗ್ಗ. ಕಾರ್ಖಾನೆಗೆ ಈಗ ಬೀಗ.
ತಿಂಗಳಿಗೆ ಐನೂರನ್ನು ಬ್ಯಾಂಕು ಕಚ್ಚಿಕೊಂಡು ಹೋಗುತ್ತದೆ,
ಇಲಿಯ ಹಾಗೆ, ಮೂಲೆಯಿಂದ, ಸದ್ದಿಲ್ಲದೆ.
ಹುಟ್ಟುಹಬ್ಬಕ್ಕೆ ಹಾರೈಸುವುದೂ ಅದೇ ಬ್ಯಾಂಕು.
ತಮ್ಮ ಮರೆತ ವರ್ಷವೂ ಅದು ಮರೆಯಲಿಲ್ಲ.

ಒಂದು ಬೇಸಿಗೆಯಲ್ಲಿ ಬಂದಿದ್ದಳು, ವಿಳಾಸ ಬದಲಿಸಲು.
ಕಿಟಕಿಯ ಹುಡುಗಿ ಸಹಿ ನೋಡಿ ತಲೆಯಾಡಿಸಿದಳು:
ಇದು ಶೋಘಿಕ್ ಅಲ್ಲ.
ಹಳೆಯದು ನಮ್ಮ ಅಕ್ಷರ, ಕೊಕ್ಕೆ ಕೊಕ್ಕೆ, ನಿಧಾನದ್ದು.
ಈಗಿನದು ಫ್ರೆಂಚ್ ಕಾಗದಗಳ ಮೇಲೆ ಓಡಿ ಓಡಿ
ಬರೀ ಗೆರೆಯಾಗಿಬಿಟ್ಟದ್ದು.
ಬ್ಯಾಂಕಿನ ಹೊರಗೆ ಬೆಂಚಿನ ಮೇಲೆ, ನನ್ನ ಲೆಕ್ಕದ ಪುಸ್ತಕದಲ್ಲಿ
ತನ್ನ ಹೆಸರನ್ನು ತಾನೇ ತಿದ್ದಿದಳು, ನಲವತ್ತು ಸಲ.
ನಲವತ್ತೊಂದನೆಯದು ಹೊಂದಿತು.
ಆ ಹಾಳೆ ಇನ್ನೂ ಇದೆ. ಎದುರು ಪುಟದಲ್ಲಿ ಹಿಟ್ಟಿನ ಸಾಲ.

ಅವಳಿಗೆ ಹೇಳದ ಮಾತೊಂದಿದೆ.
ಹಣ ಹೋಗದೆ ಬಾರದೆ ಬಹಳ ದಿನ ಇದ್ದರೆ
ಖಾತೆ ಮಲಗಿಬಿಡುತ್ತದಂತೆ,
ಎಬ್ಬಿಸಲು ಖುದ್ದು ಬರಬೇಕಂತೆ.
ಎರಡು ತಿಂಗಳಿಗೊಮ್ಮೆ, ಔಷಧಿ ಅಂಗಡಿ ಬಾಗಿಲಿನ ಯಂತ್ರಕ್ಕೆ
ಒಂದು ಸಾವಿರದ ನೋಟು ತಿನ್ನಿಸಿ ಬರುತ್ತೇನೆ.
ಕಚ್ಚಿಸಿಕೊಂಡೂ ಇಪ್ಪತ್ತೊಂದು ಸಾವಿರ ಯಾಕೆ ಸವೆಯಲಿಲ್ಲ ಅಂತ
ಅವಳು ಕೇಳಿಲ್ಲ. ಕೇಳಿದ್ದರೆ
ಬಡ್ಡಿ ಅನ್ನುತ್ತಿದ್ದೆ.

ನಿನ್ನೆ ಬೆಳಿಗ್ಗೆ ಗುಂಯ್ ಅಂದಾಗ ಸಂದೇಶ ಬೇರೆ ಇತ್ತು.
'ಖಾತೆ ಮುಚ್ಚಲು ಈ ಸಂಖ್ಯೆ.
ಇದನ್ನು ಯಾರಿಗೂ ಹೇಳಬೇಡಿ.'
ಎರಡನೆಯ ಸಾಲು ಎಲ್ಲದರಲ್ಲೂ ಇರುತ್ತಿತ್ತೇನೋ.
ಒಂಬತ್ತು ವರ್ಷದಲ್ಲಿ ನಿನ್ನೆ ಓದಿದೆ.

'ಹೇಳೇ ವಾರ್ದುಷ್ ಜಾನ್' ಅಂದಳು, ಹಿಂದೆ ಯಂತ್ರ ತಿರುಗುತ್ತಿತ್ತು,
'ಇಲ್ಲಿ ಒಂದು ಇದೆಯಲ್ಲ, ಸಾಕು.'
ಎಂಟು, ಅಂದೆ. ಒಂದು. ಮತ್ತೆ ಒಂದು. ಆರು. ಮೂರು.
'ಆಮೇಲೆ?'
ಒಲೆಯ ಗೋಡೆಗೆ ಹತ್ತಿದ ಲವಾಶ್
ಉಬ್ಬಿ, ಕಂದಿ, ಅಂಚಿನಲ್ಲಿ ಕಪ್ಪಾಗುತ್ತಿತ್ತು.
'ಆಮೇಲೆ?'
ಕನ್ನಡಕ ಸಿಗುತ್ತಿಲ್ಲ ಕಣೇ, ಅಂದೆ.
ಮೂಗಿನ ಮೇಲೇ ಇತ್ತು, ಹಬೆ ಹಿಡಿದು.

ಅವಳು ನಕ್ಕಳೋ, ಮೂಗು ಸೀಟಿದಳೋ, ತಿಳಿಯಲಿಲ್ಲ.
ಐದು ನಿಮಿಷ ಕಳೆಯುವವರೆಗೆ ಇಬ್ಬರೂ ಫೋನು ಇಡಲಿಲ್ಲ.
ಆಮೇಲೆ ಅವಳೇ ಕೇಳಿದಳು,
ಹಲ್ಲಿನ ಡಾಕ್ಟರ ಮನೆಯನ್ನು ಯಾರು ಕೊಂಡರು ಅಂತ.