ಹನ್ನೊಂದು ಮಂದಿಯ ಅರ್ಜಿ

ಹಿರಿಯರ ಮಂಡಳಿಗೆ,
ವೇಲ್ಸಿನ ಗುಡ್ಡದ ಮೇಲಿನ ಪ್ರಾರ್ಥನಾಮಂದಿರದಿಂದ
ಟೆಗ್ವೆನ್ ಬರೆಯುವುದು. ಇಲ್ಲಿ ಎಲ್ಲ ಕ್ಷೇಮ.
ಸೂರು ಸೋರುತ್ತಿದೆ, ಅದು ಹೋದ ಪತ್ರದ ವಿಷಯ.

ಮುಂದಿನ ಮೂರು ತಿಂಗಳ ಪಟ್ಟಿ ತಲುಪಿತು.
ಹದಿಮೂರು ಭಾನುವಾರ, ಹದಿಮೂರು ಹೆಸರು,
ಒಂದಕ್ಕೂ ನಮ್ಮಲ್ಲಿ ಮುಖವಿಲ್ಲ.

ಇಥೆಲ್ ಎಲ್ಲಿ? ದನದ ಡಾಕ್ಟರು, ಈಗ ನಿವೃತ್ತ.
ತಪ್ಪಿಹೋದ ಕುರಿಯದೊಂದೇ ಪ್ರಸಂಗ ಅವನಿಗೆ ಬರುವುದು,
ವರ್ಷಕ್ಕೆರಡು ಸಲ. ನಮಗೆಲ್ಲ ಬಾಯಿಪಾಠ.
ಆದರೂ ಈ ಸಲ ಸಿಗುತ್ತದೋ ಇಲ್ಲವೋ ಅಂತ
ಮುದುಕ ಗ್ವಿಲಿಮ್ ಬೆಂಚಿನ ತುದಿಗೆ ಸರಿದು ಕೂರುತ್ತಾನೆ.

ಮಾರೆಡ್ ಎಲ್ಲಿ? ವಾರವೆಲ್ಲ ಶಾಲೆಯ ಬಸ್ಸು ಓಡಿಸಿ
ಭಾನುವಾರ ಅದೇ ಬೂಟಿನಲ್ಲಿ ವೇದಿಕೆ ಹತ್ತುವವಳು.
ಬಲಗಡೆ ಮೂರನೆಯ ಸಾಲಿನಲ್ಲಿ ನೆಸ್ಟಾ ಕೂತಿದ್ದರೆ
ಗಲಿಲಾಯದ ದೋಣಿ, ಬಿರುಗಾಳಿ ಎತ್ತಬಾರದೆಂದು
ಅವಳಿಗೆ ಗೊತ್ತು.
ಅಣೆಕಟ್ಟಿನ ನೀರು ನೆಸ್ಟಾಳ ಮಗನ
ಟೋಪಿಯನ್ನಷ್ಟೇ ಹಿಂದಕ್ಕೆ ಕೊಟ್ಟಿದ್ದು.
ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಯಾವ ಕಾಲಂ?

ಹೊಸಬರ ಮೇಲೆ ಸಿಟ್ಟಿಲ್ಲ.
ಮೊನ್ನೆ ಒಬ್ಬ ಬಂದಿದ್ದ, ಪಾಪ, ಇನ್ನೂ ಎಳೆಯ.
ಪಕ್ಕದವರ ಕೈ ಕುಲುಕಿ, ಪರಿಚಯ ಮಾಡಿಕೊಳ್ಳಿ, ಅಂದ.
ನಾನು ನನ್ನ ತಮ್ಮನ ಕಡೆ ತಿರುಗಿ,
ನಾನು ಟೆಗ್ವೆನ್, ನೀನು ಹುಟ್ಟಿದ ರಾತ್ರಿ
ನೀರು ಕಾಯಿಸಿದವಳು, ಅಂದೆ.
ಬಹಳ ಸಂತೋಷ, ಅಂದ ಅರವತ್ತರ ತಮ್ಮ.
ಆ ಗೋಡೆಗಳೊಳಗೆ ಅಷ್ಟು ನಕ್ಕಿದ್ದು
ನನಗಂತೂ ನೆನಪಿಲ್ಲ.
ಹುಡುಗನ ಕಿವಿ ಕೆಂಪಾಗಿ
ಮುಂದಿನ ಕೀರ್ತನೆಯನ್ನು ಯಾರ ಗಂಟಲಿಗೂ ಎಟುಕದ
ಶ್ರುತಿಯಲ್ಲಿ ಎತ್ತಿಕೊಂಡ.

ಆಮೇಲೆ ಗೇಟಿನ ಕೆಸರಲ್ಲಿ ಅವನ ಕಾರು ಹೂತಿತು.
ಎಂಟು ಜನ ತಳ್ಳಿದೆವು, ಮೂವರು ಸಲಹೆ ಕೊಟ್ಟರು.
ಇಥೆಲ್ ಮೊದಲ ಸಲ ಬಂದಾಗಲೂ
ಇಲ್ಲೇ, ಇದೇ ಗುಂಡಿಯಲ್ಲಿ, ಹೂತಿದ್ದನೆಂದು
ಗ್ವಿಲಿಮ್‌ಗೆ ಆಗಲೇ ನೆನಪಾಗಬೇಕೆ?

ಅರ್ಜಿ ಇಷ್ಟೆ: ಗೊತ್ತಿರುವವರನ್ನು ಕಳಿಸಿ.
ಕೆಳಗೆ ಹನ್ನೊಂದು ಸಹಿ, ನೆಸ್ಟಾಳದು ಪೆನ್ಸಿಲ್ಲಿನಲ್ಲಿ.

ಮರೆತಿದ್ದೆ. ಆ ಹುಡುಗನ ಎಡಗೈ ಗವಸು
ಕೆಸರು ತೊಳೆಸಿಕೊಂಡು
ನಮ್ಮ ಒಲೆಯ ಮೇಲೆ ಒಣಗುತ್ತಿದೆ.
ಅಂಚೆಗೆ ಹಾಕುವ ಯೋಚನೆ ನಮಗಿಲ್ಲ.
ಅವನೇ ಬಂದು ಒಯ್ಯಲಿ,
ಭಾನುವಾರವಾದರೆ ಒಳ್ಳೆಯದು.